ಕೊನೆ ಅಳತೆಯ ಪಿಸ್ಟನ್

"ಹೊಡಿ," ಅಂದರು ಮಾವ.

ಅವಳು ಹೊಡೆದಳು. ಮರದ ಸುತ್ತಿಗೆ ಮರದ ತುಂಡಿನ ಮೇಲೆ ಬಿತ್ತು. ತುಂಡಿನ ಅಡಿಯಲ್ಲಿ ಪಿಸ್ಟನ್ನಿನ ನೆತ್ತಿ. ಅದು ಹಟ ಹಿಡಿದ ಕೋಣದ ಹಾಗೆ ಕೂತಲ್ಲೇ ಕೂತಿತ್ತು.

"ಇದೇನು, ಹಲ್ಲಿನ ಸೆಟ್ ಕೂರಿಸ್ತಾ ಇದೀಯಾ? ಹೊಡಿ ಅಂದ್ರೆ ಹೊಡೀಬೇಕು."

"ಒಡೆದು ಹೋದ್ರೆ?"

ಅವರಿಗೆ ಕೇಳಲಿಲ್ಲ. ಅವಳು ಬಗ್ಗಿ ಅವರ ಬಲಗಿವಿಗೆ ಬಾಯಿಟ್ಟು ಕೂಗಿದಳು. "ಒಡೆದ್ರೆ ಏನ್ಮಾಡ್ತೀರಿ ಮಾವ?"

"ಹತ್ತೊಂಬತ್ತು ವರ್ಷದಿಂದ ಸತ್ತೇ ಬಿದ್ದಿದೆ. ಸತ್ತಿದ್ದನ್ನ ಇನ್ನೊಂದು ಸಲ ಸಾಯಿಸೋಕೆ ಯಾರಿಂದಲೂ ಆಗಲ್ಲ. ಹೊಡಿ, ಹಲ್ಲಮ್ಮ."

ಹಲ್ಲಮ್ಮ ಅನ್ನುವುದು ಮಾವ ಇಟ್ಟ ಹೆಸರು. ಊರಿನ ಮೂವರು ದಂತವೈದ್ಯರಿಗೆ ಅವಳು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ ಮಾಡಿಕೊಡುತ್ತಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ಆ ಕೋಣೆಯ ಕಪಾಟಿನ ತುಂಬ ಸಾಲಾಗಿ ನಗುತ್ತಿದ್ದ ದವಡೆಗಳನ್ನು ನೋಡಿ ಮಾವ, "ನಮ್ಮ ಮನೆಗೆ ಬಂದ ನೆಂಟರೆಲ್ಲ ಬಾಯಿ ಬಿಟ್ಟುಕೊಂಡೇ ಇರ್ತಾರಲ್ಲ" ಅಂದಿದ್ದರು. ಅವತ್ತಿನಿಂದ ಅವಳು ಹಲ್ಲಮ್ಮ.

ಊಟದ ಮೇಜನ್ನು ಗೋಡೆಗೆ ಒತ್ತಿ ಮಾಡಿಕೊಂಡ ಜಾಗದಲ್ಲಿ, ಹಳೆ ಪತ್ರಿಕೆಗಳ ಹಾಸಿನ ಮೇಲೆ ಮೋಟಾರ್ ಸೈಕಲ್ ಸ್ಟ್ಯಾಂಡ್ ಹಾಕಿ ನಿಂತಿತ್ತು. ಮಾವನಿಗಿಂತ ಮೂರೇ ವರ್ಷ ಚಿಕ್ಕದು. ಪೆಟ್ರೋಲ್ ಟ್ಯಾಂಕು ಸೋಫಾದ ಮೇಲೆ ಅತಿಥಿಯ ಹಾಗೆ ಒರಗಿತ್ತು. ಎಂಜಿನ್ನಿನ ತಲೆಯನ್ನು ಬಿಚ್ಚಿ ಅಡುಗೆಮನೆಯ ಸ್ಟೂಲಿನ ಮೇಲಿಟ್ಟಿದ್ದರು. ತಲೆ ತೆಗೆದ ಸಿಲಿಂಡರಿನೊಳಗೆ ಹನ್ನೊಂದು ದಿನದಿಂದ ಡೀಸೆಲ್ಲೂ ಬ್ರೇಕ್ ಆಯಿಲೂ ಬೆರೆಸಿ ಹುಯ್ದು ನೆನೆಹಾಕಿದ್ದಾಗಿತ್ತು. ಮನೆಗೆ ಮನೆಯೇ ಬಸ್ ಡಿಪೋ ವಾಸನೆ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಗಂಡ ಮಧ್ಯಾಹ್ನ ಮನೆಗೆ ಬಂದವನೇ ಮೂಗು ಮುಚ್ಚಿಕೊಂಡು, "ನಾಳೆಯಿಂದ ಬ್ರೆಡ್ಡಿಗೂ ಇದನ್ನೇ ಸವರಿ ಕೊಡ್ತೀರೇನೋ" ಎಂದು ಗೊಣಗಿ ಮಲಗಲು ಹೋಗುತ್ತಿದ್ದ.

ಅವಳು ಸುತ್ತಿಗೆ ಎತ್ತಿದಳು. ಈ ಸಲ ಭುಜದಿಂದ ಹೊಡೆದಳು.

ಟಕ್ ಅಂತು. ಒಳಗೆಲ್ಲೋ ಮುರಿದ ಸದ್ದಲ್ಲ, ಬಿಟ್ಟುಕೊಟ್ಟ ಸದ್ದು. ಮಾವ ಹಿಂದೆ ಕೂತು ಒಂದು ಕೈಯನ್ನು ಹಿಂದಿನ ಚಕ್ರದ ಮೇಲಿಟ್ಟಿದ್ದರು. ಆ ಚಕ್ರ ಒಂದು ಬೆರಳಿನಷ್ಟು ತಿರುಗಿತು.

ಇಲ್ಲಿ ಹೊಡೆದರೆ ಅಲ್ಲಿ ತಿರುಗುತ್ತದೆ. ಅವಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಹತ್ತೊಂಬತ್ತು ವರ್ಷ ಕಲ್ಲಾಗಿ ನಿಂತಿದ್ದ ಕಬ್ಬಿಣದೊಳಗಿಂದ ತನ್ನ ಕೈಯ ಏಟು ನಡೆದುಕೊಂಡು ಹೋಗಿ, ಹಲ್ಲಿಂದ ಹಲ್ಲಿಗೆ, ಸರಪಳಿಯಿಂದ ಸರಪಳಿಗೆ ದಾಟಿ, ಅಷ್ಟು ದೂರದಲ್ಲಿ ಮುದುಕರ ಅಂಗೈಯನ್ನು ಮುಟ್ಟಿತಲ್ಲ ಎಂದು ಮೈ ಜುಮ್ಮೆಂದಿತು. ಸುತ್ತಿಗೆ ಹಿಡಿದೇ ನಿಂತಳು.

ಮಾವನಿಗೆ ಟಕ್ ಕೇಳಿರಲಿಲ್ಲ. ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು.

"ಬಂತು," ಅಂದರು, ಮೆಲ್ಲಗೆ.

ಮಾವ ಈಗೀಗ ಎಲ್ಲವನ್ನೂ ಮೆಲ್ಲಗೇ ಹೇಳುತ್ತಿದ್ದರು. ಮೂವತ್ತೆಂಟು ವರ್ಷ ಗಾಡಿ ರಿಪೇರಿಯ ಶೆಡ್ಡಿನಲ್ಲಿ ಕೂಗಿ ಕೂಗಿ ಮಾತಾಡಿದ ಮನುಷ್ಯ. ಕಿವಿ ಮಂದವಾದವರು ಕಿರುಚುತ್ತಾರೆ ಅಂದುಕೊಂಡಿದ್ದ ಅವಳಿಗೆ ಇದು ಸೋಜಿಗವಾಗಿತ್ತು. ಅದರ ಗುಟ್ಟನ್ನು ಬಿಡಿಸಿದವರು ಕಿವಿಯ ಡಾಕ್ಟರು. ಎರಡು ವಾರದ ಹಿಂದೆ ಅವಳೇ ಮಾವನನ್ನು ಕರೆದುಕೊಂಡು ಹೋಗಿದ್ದಳು. ಡಾಕ್ಟರು ಕವಲುಗೋಲಿನಂಥ ಉಕ್ಕಿನ ಸಲಾಕೆಯೊಂದನ್ನು ಮೊಣಕಾಲಿಗೆ ಬಡಿದು, ಗುಂಯ್ ಅನ್ನುವಾಗ ಮಾವನ ಕಿವಿಯ ಪಕ್ಕ ಹಿಡಿದರು. ಮಾವ ಗೋಡೆ ನೋಡುತ್ತಾ ಕೂತಿದ್ದರು. ಅದೇ ಸಲಾಕೆಯ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಮಾವ ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು.

"ಇದು ಕೇಳ್ತು."

ಕಿವಿಯೊಳಗೆ ಅಕ್ಕಿಕಾಳಿಗಿಂತ ಚಿಕ್ಕ ಎಲುಬೊಂದು ಇರುತ್ತದಂತೆ. ಸದ್ದು ಬಂದಾಗೆಲ್ಲ ಅದು ಒಳಗೆ ಹೊರಗೆ ಆಡಬೇಕು. ಮಾವನದ್ದು ಗೂಡಿನಲ್ಲೇ ಬಿಗಿದುಕೊಂಡಿತ್ತು. ಹೊರಗಿನ ಸದ್ದಿಗೆ ಬಾಗಿಲು ಮುಚ್ಚಿತ್ತು, ಸ್ವಂತ ದನಿ ಮಾತ್ರ ತಲೆಬುರುಡೆಯೊಳಗೆ ಗಂಟೆಯ ಹಾಗೆ ಮೊಳಗುತ್ತಿತ್ತು. ಆಪರೇಷನ್ನಿನ ಕಾಲ ದಾಟಿದೆ, ಅಂದರು ಡಾಕ್ಟರು. ಎಲುಬಿನ ದಾರಿ ತೆರೆದಿದೆ, ಆದರೆ ನರವೂ ಸೋಲುತ್ತಾ ಇದೆ. ಆರು ತಿಂಗಳು, ಹೆಚ್ಚೆಂದರೆ ಎಂಟು. ಆಮೇಲೆ ಎಲುಬಿಗೂ ಕೇಳಿಸುವುದಿಲ್ಲ.

ಅವಳು ಇದನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸಿದಾಗ ಮಾವ ಎರಡು ಸಲ ಓದಿದರು. "ನಮ್ಮ ಭಾಷೇಲಿ ಹೇಳೋದಾದ್ರೆ ಪಿಸ್ಟನ್ ಸೀಜ್ ಆಗಿದೆ," ಅಂದರು. ಮಾರನೆಯ ದಿನ ಹಿತ್ತಿಲ ಶೆಡ್ಡಿನಲ್ಲಿ ಮೋಟಾರ್ ಸೈಕಲ್ಲಿನ ಮೇಲಿಂದ ಹೊದಿಕೆ ಎಳೆಯುತ್ತಿದ್ದರು. ಅದನ್ನು ಅವರು ಹತ್ತೊಂಬತ್ತು ವರ್ಷದಿಂದ ಮುಟ್ಟಿರಲಿಲ್ಲ, ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಐವತ್ತು ದಾಟಿದ ಮೇಲೂ ಗೆಳೆಯನೊಬ್ಬನ ಜೊತೆ ಪಂದ್ಯ ಕಟ್ಟಿ, ಎಣ್ಣೆ ಎಷ್ಟಿದೆ ಎಂದೂ ನೋಡದೆ ಗುಡ್ಡ ಹತ್ತಿಸಿ, ಅರ್ಧ ದಾರಿಯಲ್ಲಿ ಎಂಜಿನ್ನನ್ನು ಕಚ್ಚಿಸಿದ್ದರು. ಊರಿಗೆಲ್ಲ ಎಣ್ಣೆ ನೋಡು ಎಣ್ಣೆ ನೋಡು ಎಂದು ಬೈದು ಬುದ್ಧಿ ಹೇಳಿದ ಮೆಕ್ಯಾನಿಕ್ಕು. ನಾಚಿಕೆಗೆ ಹೊದಿಕೆ ಹೊದಿಸಿಟ್ಟಿದ್ದರು, ಅಷ್ಟೆ.

"ಈ ಗಾಡಿ ಸದ್ದು ಇನ್ನೊಂದು ಸಲ ಕೇಳ್ಬೇಕು," ಅಂದರು ಸೊಸೆಯ ಹತ್ತಿರ. "ಸ್ಕ್ರೂಡ್ರೈವರ್ ಇಟ್ಕೊಂಡು ಎಲುಬಿನಿಂದ ಕೇಳ್ತೀನಿ. ಕೇಳೋ ಎಲುಬು ಇರುವಾಗಲೇ ಆಗ್ಬೇಕು. ನನ್ನ ಬೆರಳು ನೋಡಿದ್ಯಲ್ಲ." ಹೆಬ್ಬೆರಳಿನ ಗಂಟು ಶುಂಠಿಯ ಹಾಗೆ ಊದಿಕೊಂಡಿತ್ತು. "ಬೋಲ್ಟ್ ಬಿಚ್ತವೆ. ಸಣ್ಣ ಕೆಲಸಕ್ಕೆ ಬರಲ್ಲ. ನಿನ್ನ ಬೆರಳು ಬೇಕು."

"ನಿಮ್ಮ ಮಗ ಇಲ್ವಾ?" ಎಂದು ಅವಳು ಬರೆದಳು.

"ಅವನು ಮುಟ್ಟಿದ್ದೆಲ್ಲ ಉಬ್ಬುತ್ತೆ."

*

ಸಿಲಿಂಡರನ್ನು ಎತ್ತಿ ತೆಗೆದಾಗ ಪಿಸ್ಟನ್ನಿನ ಒಂದು ಪಕ್ಕೆ ಸುಟ್ಟ ರೊಟ್ಟಿಯಂತೆ ಕರಕಲಾಗಿ ಗೀರು ಬಿದ್ದಿತ್ತು. ಮಾವ ಅದನ್ನು ನೋಡದೆ ಬಟ್ಟೆಯಲ್ಲಿ ಸುತ್ತಿ ಇಟ್ಟರು. ಸಿಲಿಂಡರನ್ನು ಅವಳ ಸ್ಕೂಟರಿನ ಮುಂದೆ ಹಲ್ಲಿನ ಡಬ್ಬಿಗಳ ಪಕ್ಕ ಇಟ್ಟುಕೊಂಡು ಇಬ್ಬರೂ ಕೂದಲೆಳೆಯ ಹತ್ತಿರ ಹೋದರು.

ಕೂದಲೆಳೆ ಅಂದರೆ ಲೇತ್ ಅಂಗಡಿಯವನು. ಎಲ್ಲ ಅಳತೆಯನ್ನೂ ಕೂದಲೆಳೆಯಲ್ಲೇ ಹೇಳುತ್ತಿದ್ದ. ಅವನ ತಲೆಯಲ್ಲಿ ಮಾತ್ರ ಒಂದೆಳೆಯೂ ಉಳಿದಿರಲಿಲ್ಲ. ಗಡಿಯಾರದ ಮುಖವಿದ್ದ ಕೋಲೊಂದನ್ನು ಸಿಲಿಂಡರಿನೊಳಗೆ ಇಳಿಸಿ, ತಿರುಗಿಸಿ, ಮೇಲೆತ್ತಿ, ಮತ್ತೆ ಇಳಿಸಿದ. ಉಸಿರಾಡುತ್ತಿದ್ದಾನೋ ಇಲ್ಲವೋ ತಿಳಿಯುತ್ತಿರಲಿಲ್ಲ.

"ಪಿಸ್ಟನ್ ಯಾವುದಿದೆ ಯಜಮಾನ್ರೇ?"

ಅವನ ಬಾಯಾಡಿದ್ದು ಕಂಡೇ ಮಾವ ಚೀಲದಿಂದ ಗ್ರೀಸು ಮೆತ್ತಿದ ಕಾಗದದ ಗಂಟು ತೆಗೆದರು. ಬಿಚ್ಚಿದರೆ ಒಳಗೆ ಬೆಳ್ಳಿಯ ಬಟ್ಟಲಿನಂಥ ಹೊಸ ಪಿಸ್ಟನ್, ಅದರ ಮೂರು ಉಂಗುರ, ಪಿನ್ನು. ಗುಡ್ಡದ ಪಂದ್ಯಕ್ಕೂ ಮುಂಚೆ ತರಿಸಿಟ್ಟಿದ್ದಂತೆ.

"ಕೊನೇ ಅಳತೆ," ಅಂದ ಕೂದಲೆಳೆ. "ಇದಕ್ಕಿಂತ ದಪ್ಪದ್ದು ಈ ಗಾಡಿಗೆ ಮಾಡ್ಲೇ ಇಲ್ಲ. ನೋಡಮ್ಮ, ಗೋಡೆಗೂ ಪಿಸ್ಟನ್ನಿಗೂ ನಡುವೆ ಒಂದೂವರೆ ಕೂದಲೆಳೆ ಸಂದು ಇರ್ಬೇಕು. ಒಂದಾದ್ರೆ ಬಿಸಿಗೆ ಊದಿ ಕಚ್ಕೊಳ್ತದೆ. ಎರಡಾದ್ರೆ ಗಂಟೆ ನಾಲಿಗೆ ಥರ ಬಡೀತದೆ. ನಾನು ಸರಿಯಾಗಿ ಕೊರೆದು ಕೊಡ್ತೀನಿ. ಆದ್ರೆ ಆಮೇಲೆ ಏನಾದ್ರೂ ಎಡವಟ್ಟಾದ್ರೆ ಒಳಗೆ ಹೊಸ ಕೊಳವೆ ಬಡಿಸ್ಬೇಕು. ಅದನ್ನ ತರಿಸೋಕೆ ವರ್ಷ."

ಅವಳು ಮಾವನ ಕಿವಿಗೆ ಬಾಯಿಟ್ಟು ಕೂಗಿದಳು. "ವರ್ಷ ಬೇಕಂತೆ."

"ಕೇಳಿಸ್ಲಿಲ್ಲ ಅಂತ ಹೇಳು ಅವನಿಗೆ," ಅಂದರು ಮಾವ.

*

ಸಿಲಿಂಡರ್ ಬರುವ ತನಕ ವಾಲ್ವಿನ ಕೆಲಸ. ಎರಡು ವಾಲ್ವ್. ಉದ್ದ ಕಾಲಿನ ಅಣಬೆಗಳ ಹಾಗೆ ಇದ್ದವು. ಹೆಡ್ಡಿನೊಳಗೆ, ಅಂದರೆ ಬಿಚ್ಚಿಟ್ಟ ಎಂಜಿನ್ನಿನ ತಲೆಯೊಳಗೆ, ಒಂದೊಂದಕ್ಕೂ ಒಂದು ಗುಂಡು ಪೀಠ. ವಾಲ್ವು ಪೀಠದ ಮೇಲೆ ಕೂತರೆ ಬೆಂಕಿಯೂ ಆಚೆ ಹೋಗಕೂಡದು. ನಡುವೆ ಬೂದು ಬಣ್ಣದ ಮರಳು ಪೇಸ್ಟು ಸವರಿ, ರಬ್ಬರಿನ ಬಟ್ಟಲಿದ್ದ ಕೋಲಿನಿಂದ ವಾಲ್ವನ್ನು ಹೀರಿ ಹಿಡಿದು, ಎರಡು ಅಂಗೈ ನಡುವೆ ಕಡಗೋಲಿನ ಹಾಗೆ ಹೊಸೆಯಬೇಕು. ಗರಗರ, ಗರಗರ. ಎತ್ತಿ ಕಾಲು ಸುತ್ತು ತಿರುಗಿಸಿ ಮತ್ತೆ ಗರಗರ. ಅವಳು ಸಂಜೆ ಹಲ್ಲಿನ ಕೆಲಸ ಮುಗಿಸಿ ಊಟದ ಮೇಜಿನ ಮೇಲೆ ಹೆಡ್ಡಿಟ್ಟುಕೊಂಡು ಕೂರುತ್ತಿದ್ದಳು. ಮಾವ ಎದುರಿಗೆ.

ಎರಡನೆಯ ಸಂಜೆ ತಲೆ ಎತ್ತಿ ನೋಡಿದರೆ ಮಾವ ಮೇಜಿನ ಮೇಲೆ ಹಣೆಯಿಟ್ಟು ಮಲಗಿಬಿಟ್ಟಿದ್ದರು. ಪಾಪ, ಸುಸ್ತಾಗಿರಬೇಕು ಎಂದು ಹೊಸೆಯುವುದನ್ನು ನಿಲ್ಲಿಸಿದಳು.

"ಯಾಕೆ ನಿಲ್ಸಿದೆ?" ಅಂದರು ಮಾವ, ಹಣೆ ಎತ್ತದೆ.

ಅವಳ ಕೈಯಿಂದ ಕೋಲು ಬಿತ್ತು.

"ಕೋಲು ಬಿತ್ತು," ಅಂದರು.

ಹೆಡ್ಡಿನಿಂದ ಮೇಜಿಗೆ, ಮೇಜಿನ ಹಲಗೆಯಿಂದ ಹಣೆಯ ಎಲುಬಿಗೆ. ಅವರು ಎರಡು ದಿನದಿಂದ ಅವಳ ಕೈಕೆಲಸವನ್ನು ಹಾಡು ಕೇಳುವ ಹಾಗೆ ಕೇಳುತ್ತಾ ಕೂತಿದ್ದರು. "ಗರಗರ ಇರೋ ತನಕ ಮಾಡು. ಸರಸರ ಅಂದ್ರೆ ಪೇಸ್ಟ್ ಸತ್ತಿದೆ, ಒರಸಿ ಹೊಸದು ಹಾಕು. ಈಗ ಎಡಗಡೆ ಒಂದು ಕಡೆ ಸೊರಸೊರ ಅಂತಿದೆ. ಅಲ್ಲಿ ಇನ್ನೂ ಮುಟ್ಟಿಲ್ಲ."

ಅವಳು ನಂಬದೆ ತನ್ನ ಕೋಣೆಗೆ ಹೋಗಿ ನೀಲಿ ಕಾಗದ ತಂದಳು. ಹಲ್ಲು ಎಲ್ಲಿ ಮುಟ್ಟುತ್ತದೆ ಎಂದು ನೋಡಲು ರೋಗಿಯ ಬಾಯಲ್ಲಿಟ್ಟು ಕಚ್ಚಿಸುವ ತೆಳು ಮಸಿಕಾಗದ. ಅದರ ನೀಲಿಯನ್ನು ಪೀಠಕ್ಕೆ ತಿಕ್ಕಿ, ವಾಲ್ವನ್ನು ಒತ್ತಿ ತೆಗೆದಳು. ವಾಲ್ವಿನ ಅಂಚಿನ ಸುತ್ತ ನೀಲಿ ಬಳೆ ಮೂಡಿತ್ತು. ಎಡಗಡೆ, ಒಂದು ಬೆರಳಿನ ಕಾಲು ಭಾಗದಷ್ಟು ಜಾಗದಲ್ಲಿ, ಬಳೆ ಒಡೆದಿತ್ತು.

ಮಾವ ಕಾಗದವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿದರು. "ಇಷ್ಟು ವರ್ಷ ಇದು ಎಲ್ಲಿತ್ತು?"

"ಜನರ ಬಾಯಲ್ಲಿ," ಎಂದು ಕೂಗಿದಳು ಅವಳು.

ನಾಲ್ಕನೆಯ ಸಂಜೆ ಹೆಡ್ಡಿನ ತೂತಿನೊಳಗೆ ಸೀಮೆಎಣ್ಣೆ ತುಂಬಿ, ಕೆಳಗೆ ಒಣ ಕಾಗದ ಹಾಸಿ ಕಾದರು. ಎರಡು ಲೋಹಗಳ ನಡುವೆ ಏನೂ ಇಲ್ಲ. ರಬ್ಬರಿಲ್ಲ, ಅಂಟಿಲ್ಲ. ಬರಿಯ ಹೊಸೆತ. ಅರ್ಧ ಗಂಟೆಯಾದರೂ ಕಾಗದ ಒಣಗಿಯೇ ಇತ್ತು. ಅವಳು ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ತಾನು ಮಾಡಿದ್ದೇ ತನಗೆ ನಂಬಿಕೆಯಾಗದೆ ಇನ್ನೊಮ್ಮೆ ಮುಟ್ಟಿದಳು.

*

ತಪ್ಪಾದದ್ದು ಆಮೇಲೆ. ಹೆಮ್ಮೆ ಬಂದ ಮೇಲೇ ಅಲ್ಲವೇ ತಪ್ಪಾಗುವುದು.

ಕೂದಲೆಳೆ ಸಿಲಿಂಡರ್ ಕಳಿಸಿಕೊಟ್ಟ ದಿನ ಮಾವ ಊರಲ್ಲಿರಲಿಲ್ಲ. ತಂಗಿಯ ಮನೆಗೆ ಹೋದವರು ಎರಡು ದಿನ ಬಿಟ್ಟು ಬರುವವರಿದ್ದರು. ಅವಳು ಕಾಗದ ಬಿಚ್ಚಿ ಸಿಲಿಂಡರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಳಗೋಡೆಯ ತುಂಬ ಗೀರು. ಅಡ್ಡಡ್ಡ, ಒಂದರ ಮೇಲೊಂದು, ಚಾಪೆಯ ಹೆಣಿಗೆಯ ಹಾಗೆ ಸಾವಿರಾರು ಸಣ್ಣ ಗೀರು.

ಅವಳು ಸಿಲಿಂಡರನ್ನು ತಿರುಗಿಸಿ ಇನ್ನೊಂದು ಬದಿಯಿಂದಲೂ ಇಣುಕಿದಳು. ಇಷ್ಟು ಅಳೆದು ಸುರಿದು ಕೂದಲೆಳೆ ಕೊನೆಯಲ್ಲಿ ಕೈಕೊಟ್ಟನಲ್ಲ. ಅವಳ ಕಸುಬಿನಲ್ಲಿ ಗೀರು ಅಂದರೆ ಪಾಪ. ಕಣ್ಣಿಗೆ ಕಾಣದ ಗೀರನ್ನೂ ನಾಲಿಗೆ ಕಂಡುಹಿಡಿಯುತ್ತದೆ, ಊಟ ಸಿಕ್ಕಿಕೊಳ್ಳುತ್ತದೆ, ವಸಡು ಉರಿಯುತ್ತದೆ, ಮೂರನೇ ದಿನಕ್ಕೆ ಸೆಟ್ಟು ವಾಪಸ್ಸು ಬರುತ್ತದೆ. ಅದಕ್ಕೇ ಕೊನೆಯ ಕೆಲಸ ಯಾವತ್ತೂ ಹೊಳಪು ಕೊಡುವುದು. ಪಿಸ್ಟನ್ನಿಗೂ ಒಂದು ಮೈಯಿದೆಯಲ್ಲ. ದಿನಕ್ಕೆ ಲಕ್ಷ ಸಲ ಈ ಗೋಡೆಗೆ ಉಜ್ಜಿಕೊಂಡು ಓಡಾಡಬೇಕಾದದ್ದು.

ಮಾವ ಬರುವಷ್ಟರಲ್ಲಿ ಮುಗಿಸಿಬಿಡುತ್ತೇನೆ ಅಂದುಕೊಂಡಳು. ಎರಡು ಮಧ್ಯಾಹ್ನ ಕೂತಳು. ಉದ್ದ ಕಡ್ಡಿಗೆ ಹೊಳಪು ಕೊಡುವ ದಪ್ಪ ಉಣ್ಣೆಯ ನಮ್ದಾ ಬಟ್ಟೆ ಸುತ್ತಿ, ಮೊದಲು ಒರಟು ಪುಡಿ, ಆಮೇಲೆ ನಯ ಪುಡಿ, ಕೊನೆಗೆ ಚಿನ್ನದ ಹಲ್ಲಿಗಷ್ಟೇ ತೆಗೆಯುತ್ತಿದ್ದ ಕೆಂಪು ಪುಡಿ. ಗೀರುಗಳು ಒಂದೊಂದಾಗಿ ಮಾಯವಾದವು. ಕೊನೆಗೆ ಒಳಗೆ ಇಣುಕಿದರೆ ಅವಳದೇ ಕಣ್ಣು ಗೋಡೆಯಲ್ಲಿ ಸುತ್ತಲೂ ತಿರುಗಿತು. ಕನ್ನಡಿ ಮಾಡಿದ್ದಳು. ಹದಿನಾರು ವರ್ಷದ ಕಸುಬಿನಲ್ಲಿ ಇಷ್ಟು ಚೆಂದದ ಹೊಳಪು ಬಂದಿರಲಿಲ್ಲ. ಗಂಡನನ್ನು ನಿದ್ದೆಯಿಂದ ಎಬ್ಬಿಸಿ ತೋರಿಸಿದಳು.

"ಇದರಲ್ಲಿ ಗಡ್ಡ ಹೆರ್ಕೋಬಹುದು," ಅಂದ ಅವನು.

ಮಾವ ಬಂದು, ಚೀಲ ಕೆಳಗಿಟ್ಟು, ಸಿಲಿಂಡರನ್ನು ಕಿಟಕಿಗೆ ಹಿಡಿದರು. ಬಹಳ ಹೊತ್ತು ಹಿಡಿದಿದ್ದರು. ಅವಳು ಹೊಗಳಿಕೆಗೆ ಕಾಯುತ್ತಾ ಸೆರಗಿಗೆ ಕೈ ಒರೆಸಿಕೊಂಡಳು. ಮಾವ ಅದನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತರು. ಕೂತ ರೀತಿಯಲ್ಲೇ ಅವಳಿಗೆ ಗೊತ್ತಾಯಿತು.

"ನಾನು ಹೇಳ್ಬೇಕಿತ್ತು," ಅಂದರು. "ನಂದೇ ತಪ್ಪು."

"ಏನಾಯ್ತು?"

ಅವಳ ಬಾಯಾಡಿದ್ದು ಕಂಡಿತೇ ಹೊರತು ಕೇಳಿಸಲಿಲ್ಲ. ಆದರೂ ಹೇಳಿದರು, ಎಂದಿಗಿಂತ ಮೆಲ್ಲಗೆ. "ಆ ಗೀರೆಲ್ಲ ಬೇಕಂತಲೇ ಎಳೆದಿರೋದು. ಒಂದೊಂದು ಗೀರೂ ಒಂದು ಕಾಲುವೆ. ಅದರಲ್ಲಿ ಎಣ್ಣೆ ನಿಲ್ಲುತ್ತೆ. ಪಿಸ್ಟನ್ ಗೋಡೆ ಮೇಲೆ ಓಡಾಡಲ್ಲ ಮಗಾ, ಎಣ್ಣೆ ಮೇಲೆ ತೇಲುತ್ತೆ. ಕನ್ನಡಿ ಮೇಲೆ ಎಣ್ಣೆ ನಿಲ್ಲಲ್ಲ. ಹತ್ತು ನಿಮಿಷ ಓಡಿದ್ರೆ ಮತ್ತೆ ಕಚ್ಕೊಳ್ಳುತ್ತೆ."

ಅವಳಿಗೆ ಅಳು ಬರಲಿಲ್ಲ. ಅದಕ್ಕೂ ಮುಂಚೆ ಬೇರೇನೋ ಬಂತು. ಸಾವಿರ ಕಾಲುವೆ. ಅದನ್ನು ಕಣ್ಣಾರೆ ಕಂಡು ಗೀರು ಅಂದುಕೊಂಡಳಲ್ಲ. ಒಂದು ಹೊಲಕ್ಕೆ ನೀರುಣಿಸಿದ ಹಾಗೆ ಯಾರೋ ಕೂತು ಕಬ್ಬಿಣಕ್ಕೆ ಎಣ್ಣೆ ಉಣಿಸುವ ಏರ್ಪಾಡು ಮಾಡಿದ್ದರು, ತಾನು ಅದನ್ನೆಲ್ಲ ಚೊಕ್ಕಟವಾಗಿ ಸಾರಿಸಿ ಮುಚ್ಚಿದ್ದಳು. ಆಮೇಲೆ ಅಳು ಬಂತು.

"ಅಳ್ಬೇಡ. ಹೊಳಪು ಚೆನ್ನಾಗೇ ಇದೆ," ಅಂದರು ಮಾವ.

*

ಕೂದಲೆಳೆ ನಕ್ಕಿದ್ದು ಬೀದಿಯ ಕೊನೆಯವರೆಗೂ ಕೇಳಿರಬೇಕು. "ಹಲ್ಲು ಮಾಡೋರ ಕೈಗೆ ಕೊಟ್ರೆ ಹಲ್ಲೇ ಮಾಡ್ತಾರೆ!" ನಕ್ಕು ಮುಗಿದ ಮೇಲೆ ಅಳತೆಯ ಕೋಲು ಇಳಿಸಿದ, ಆಗ ನಗು ನಿಂತಿತು.

"ಕಾಲು ಕೂದಲೆಳೆ ಹೋಗಿದೆ. ಮತ್ತೆ ಗೀರು ಎಳೀಬೇಕಾದ್ರೆ ಇನ್ನೊಂದು ಚೂರು ಹೋಗ್ತದೆ. ಸಂದು ಎರಡು ಕೂದಲೆಳೆಯ ಬಾಗಿಲಲ್ಲಿ ನಿಂತ್ಕೊಳ್ತದೆ ಯಜಮಾನ್ರೇ. ದಾಟಿದ್ರೆ ನಾನು ಜವಾಬ್ದಾರನಲ್ಲ."

ಅವಳು ಮಾವನ ಕಿವಿಗೆ ಕೂಗಿ ಹೇಳಿದಳು. ಮಾವ ಸುಮ್ಮನೆ ತಲೆಯಾಡಿಸಿದರು. ಆಸ್ಪತ್ರೆಯಲ್ಲಿ ಕಾಗದಕ್ಕೆ ಸಹಿ ಹಾಕಿದವರ ತಲೆಯಾಡಿಕೆ.

ಕೂದಲೆಳೆ ಈ ಸಲ ಮೆಷಿನ್ನಿಗೆ ಹಾಕಲಿಲ್ಲ. ಕಲ್ಲಿನ ಮೂರು ಬೆರಳಿದ್ದ ಸಲಕರಣೆಯನ್ನು ಕೈ ಡ್ರಿಲ್ಲಿಗೆ ಸಿಕ್ಕಿಸಿ, ಸಿಲಿಂಡರನ್ನು ಎರಡು ಮೊಣಕಾಲ ನಡುವೆ ಹಿಡಿದು ನೆಲದ ಮೇಲೆ ಕೂತ. "ಎಣಿಸಮ್ಮ," ಅಂದ. ಅವಳು ಎಣಿಸಿದಳು. ಕಲ್ಲು ತಿರುಗುತ್ತಾ ಇಳಿಯಿತು, ತಿರುಗುತ್ತಾ ಏರಿತು. ಒಂದು. ಇಳಿಯುವಾಗ ಒಂದು ಓರೆ, ಏರುವಾಗ ಇನ್ನೊಂದು ಓರೆ. ಅವಳ ಕನ್ನಡಿಯ ಮೇಲೆ ಮಬ್ಬು ಕವಿಯಿತು. ಎರಡು. ಮೂರು. ಮಬ್ಬಿನೊಳಗಿಂದ ಗೆರೆಗಳು ಎದ್ದವು. ಅವಳ ಕಣ್ಣೆದುರಿಗೇ ಕಾಲುವೆಗಳು ಒಂದನ್ನೊಂದು ದಾಟಿ ದಾಟಿ ಹೆಣೆದುಕೊಂಡವು. ಹನ್ನೊಂದಕ್ಕೆ ಅವನು ನಿಲ್ಲಿಸಿದ. ಒರೆಸಿದ. ಅಳೆದ. ಮತ್ತೆ ಅಳೆದ. ಪಿಸ್ಟನ್ನಿನ ಜೊತೆ ಕಾಗದದಂಥ ಉಕ್ಕಿನ ಪಟ್ಟಿ ಸೇರಿಸಿ ಒಳಗೆ ಇಳಿಸಿ ಎಳೆದು ನೋಡಿದ.

"ಬಾಗಿಲಲ್ಲೇ ನಿಂತಿದೆ," ಅಂದ. "ಒಳಗೋ ಹೊರಗೋ, ಓಡಿದಾಗಲೇ ಗೊತ್ತಾಗೋದು. ಬಡಿದ್ರೆ ಯಜಮಾನ್ರಿಗೇ ಕೇಳ್ತದೆ." ಅಂದವನು ನಾಲಿಗೆ ಕಚ್ಚಿಕೊಂಡ.

*

ಜೋಡಿಸಿದ್ದು ಭಾನುವಾರ. ಪಿಸ್ಟನ್ನನ್ನೂ ಅದರ ಕೆಳಗಿನ ಸಲಾಕೆಯನ್ನೂ ಕೂಡಿಸುವ ಪಿನ್ನು ಬೆರಳಿನಲ್ಲಿ ಹೋಗುವಂಥದ್ದಲ್ಲ. ಬಡಿದರೆ ಸಲಾಕೆ ಬಾಗುತ್ತದೆ. ಅದಕ್ಕೆ ಪಿನ್ನನ್ನು ಹಿಂದಿನ ದಿನವೇ ಫ್ರೀಜರಿನಲ್ಲಿಟ್ಟಿದ್ದಳು. ಪಿಸ್ಟನ್ನನ್ನು ಅಡುಗೆಮನೆಯ ಸಣ್ಣ ಓವನ್ನಿಗೆ ಹಾಕಿದಳು. ಗಂಡ ಅಭ್ಯಾಸಬಲದಿಂದ ಗಾಜಿನ ಬಾಗಿಲಿಗೆ ಬಗ್ಗಿ ನೋಡಿದ.

"ಇದು ಎಷ್ಟು ಹೊತ್ತಿಗೆ ಉಬ್ಬುತ್ತೆ?"

"ಹತ್ತು ನಿಮಿಷ. ಅರ್ಧ ಕೂದಲೆಳೆ ಉಬ್ಬುತ್ತೆ."

"ತಮಾಷೆ ಮಾಡ್ಬೇಡ."

"ನಿಜವಾಗ್ಲೂ ಉಬ್ಬುತ್ತೆ ಕಣ್ರೀ."

ಗಂಡ ಗಾಜಿನೊಳಗೆ ನೋಡುತ್ತಾ ಅಲ್ಲೇ ನಿಂತುಬಿಟ್ಟ. ಹತ್ತನೇ ನಿಮಿಷಕ್ಕೆ ಅವನೇ ಬೇಕರಿಯ ಕೈಗವಸಿನಲ್ಲಿ ಅದನ್ನು ಎತ್ತಿ ತಂದು ಹಿಡಿದ. ಪಿಸ್ಟನ್ನಿನ ಸೀಳು ಮುಂದಿನ ಚಕ್ರದ ಕಡೆಗಿದೆಯೇ ಎಂದು ಮಾವ ಮೂರು ಸಲ ನೋಡಿದರು. ಅವಳು ಮಂಜು ಕಟ್ಟಿದ ಪಿನ್ನನ್ನು ತೂತಿಗೆ ಮುಟ್ಟಿಸಿದಳು. ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಅದು ತಾನಾಗಿ ಒಳಗೆ ಹೋಯಿತು. ಮೂರು ಎಣಿಸುವಷ್ಟರಲ್ಲಿ ತಣ್ಣನೆಯದು ಬಿಸಿಯಾಗಿ, ಬಿಸಿಯದು ತಣ್ಣಗಾಗಿ, ಒಂದನ್ನೊಂದು ಹಿಡಿದುಕೊಂಡವು. ಗಂಡ ಬಾಯಿ ತೆರೆದು ನೋಡುತ್ತಿದ್ದ. ಉಗುರಿನ ತುದಿಯಷ್ಟೇ ಇದ್ದ ತಂತಿಯ ಲಾಕನ್ನು ಎರಡೂ ಕಡೆ ಕೂರಿಸುವಾಗ ಅವಳಿಗೆ ತನ್ನ ಬೆರಳಿನ ಬಗ್ಗೆ ಮೊದಲ ಸಲ ಒಂದು ಥರದ ಗೌರವ ಹುಟ್ಟಿತು.

ಆಮೇಲೆ ಉಂಗುರಗಳನ್ನು ಒತ್ತಿ ಹಿಡಿದು ಸಿಲಿಂಡರ್ ಇಳಿಸಿದ್ದು, ಹೆಡ್ಡು ಕೂರಿಸಿದ್ದು, ಬೋಲ್ಟುಗಳನ್ನು ಎದುರು ಬದುರು ಸ್ವಲ್ಪ ಸ್ವಲ್ಪ ಬಿಗಿದದ್ದು, ವಾಲ್ವ್ ಎತ್ತುವ ಕಡ್ಡಿಗಳು ಬೆರಳಿಗೆ ತಿರುಗುವಷ್ಟು, ಆದರೆ ಮೇಲೆ ಕೆಳಗೆ ಅಲುಗದಷ್ಟು ಹೊಂದಿಸಿದ್ದು. ಮಧ್ಯಾಹ್ನ ಮೂರಕ್ಕೆ ಗಾಡಿಯನ್ನು ಬೀದಿಗೆ ಇಳಿಸಿ ಸ್ಟ್ಯಾಂಡ್ ಹಾಕಿದರು. ಎರಡು ಮೂರು ಕಿಟಕಿಗಳು ತೆರೆದವು. ಮಾವ ಎಣ್ಣೆ ನೋಡಿದರು. ಮುಚ್ಚಳ ಹಾಕಿ, ಮತ್ತೆ ತೆಗೆದು ನೋಡಿದರು. ಜೇಬಿನಿಂದ ಮರದ ಹಿಡಿಯ ಉದ್ದ ಸ್ಕ್ರೂಡ್ರೈವರ್ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಒದಿ," ಅಂದರು.

ಅವಳು ಒದ್ದಳು. ಒಮ್ಮೆ, ಎರಡು ಸಲ. ಮೂರನೆಯ ಸಲ ಕಿಕ್ಕರು ತಿರುಗಿ ಅವಳನ್ನೇ ಒದ್ದು ಎಸೆಯಿತು. "ಜೀವ ಬಂದಿದೆ!" ಎಂದು ಗಂಡ ಕೂಗಿದ. ಆರನೆಯದಕ್ಕೆ ಅದು ಒಂದು ಸಲ ಕೆಮ್ಮಿತು. ಏಳನೆಯದಕ್ಕೆ ಹತ್ತಿತು.

ಡಗ್. ಡಗ್. ಡಗ್. ನೀಲಿ ಹೊಗೆ ಬೀದಿಗೆ ಹರಡಿತು. ಮೆಟ್ಟಿಲ ಮೇಲೆ ಗಂಡ ಇಟ್ಟಿದ್ದ ಲೋಟದ ನೀರಿನಲ್ಲಿ ಉಂಗುರಗಳು ಎದ್ದವು. ಅವಳ ಎದೆಗೂಡಿನೊಳಗೆ ಏನೋ ಬಡಿದ ಹಾಗೆ ಆಯಿತು. ತನ್ನ ಅಂಗೈಯಲ್ಲಿ ಹೊಸೆದ ಎರಡು ವಾಲ್ವು, ತಾನು ಕೆಡಿಸಿ ಕೂದಲೆಳೆ ಉಳಿಸಿದ ಆ ಗೋಡೆ, ಅದರೊಳಗೆ ಸೆಕೆಂಡಿಗೆ ಹತ್ತು ಸಲ ಬೆಂಕಿ ಹುಟ್ಟಿ ಸಾಯುತ್ತಿದೆ. ಮೇಜಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿದ್ದ ಸಾಮಾನು. ಅದಕ್ಕೆ ಈ ದನಿ ಎಲ್ಲಿಂದ ಬಂತು?

ಮಾವ ಏನೂ ಆಗದವರ ಹಾಗೆ ನಿಂತಿದ್ದರು. ಹೊಗೆ ನೋಡಿದರು, ಲೋಟ ನೋಡಿದರು, ಅವಳ ಮುಖ ನೋಡಿದರು.

"ಹತ್ತಿತಾ?"

ಅವಳು ತಲೆಯಾಡಿಸಿದಳು.

ಮಾವ ಮೊಣಕಾಲೂರಿದರು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ನೆತ್ತಿಗೆ ತಾಗಿಸಿ, ಮರದ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡರು.

ಅವರ ಮುಖವನ್ನು ಅವಳು ಹದಿನಾರು ವರ್ಷ ನೋಡಿದ್ದಳು. ಇದು ಆ ಮುಖವಲ್ಲ. ಹುಬ್ಬು ಮೇಲೇರಿತು, ಬಾಯಿ ತಾನಾಗಿ ತೆರೆದುಕೊಂಡಿತು. ಅವಳೇ ಮಾಡಿಕೊಟ್ಟಿದ್ದ ಹಲ್ಲಿನ ಸೆಟ್ಟಿನ ಮೇಲಿನ ಸಾಲು ಸಡಿಲಾಗಿ ಜಾರಿತು, ಅವರಿಗೆ ಅದರ ಪರಿವೆಯಿಲ್ಲ.

"ವಾಲ್ವ್ ಕೂರ್ತಿದೆ," ಅಂದರು. "ಎರಡೂ. ಬಾಗಿಲು ಹಾಕಿದ ಹಾಗೆ ಹಾಕ್ತಿದೆ." ತುದಿಯನ್ನು ಪಕ್ಕಕ್ಕೆ ಸರಿಸಿದರು. "ಎಣ್ಣೆ ಏರ್ತಿದೆ. ಕೇಳಿದ್ಯಾ, ತೊರೆ ಥರ." ಕೆಳಗೆ ಸರಿಸಿದರು. ಸಿಲಿಂಡರಿನ ಗೋಡೆಗೆ ಬಂದರು. ಕಣ್ಣು ಮುಚ್ಚಿದರು. ಒಂದು ನಿಮಿಷ, ಎರಡು ನಿಮಿಷ.

"ಇಲ್ಲಿ ಏನೂ ಇಲ್ಲ," ಅಂದರು.

ಅವಳು ಬಗ್ಗಿ ಅವರ ಕಿವಿಗೆ ಕೂಗಿದಳು. "ಕೇಳಿಸ್ತಾ ಇಲ್ವಾ?"

"ಕೇಳಿಸ್ತಿದೆ. ಬಡಿತ ಇಲ್ಲ. ತೇಲ್ತಾ ಇದೆ." ಕಣ್ಣು ತೆರೆದಾಗ ಒದ್ದೆಯಾಗಿದ್ದವು. "ನಿನ್ನ ಕಾಲುವೆಗಳಲ್ಲಿ ಎಣ್ಣೆ ನಿಂತಿದೆ, ಹಲ್ಲಮ್ಮ."

ಮತ್ತೆ ಕಣ್ಣು ಮುಚ್ಚಿಕೊಂಡರು. ಬೀದಿಯ ಜನ ಬಾಗಿಲಿಗೆ ಬಂದಿದ್ದರು. ಎಲ್ಲರಿಗೂ ಕೇಳುತ್ತಿದ್ದ ಸದ್ದನ್ನು ಆ ಒಬ್ಬರು ಕೇಳುತ್ತಿರುವ ರೀತಿ ನೋಡಿ, ತಮಗೇ ಸರಿಯಾಗಿ ಕೇಳಿಸುತ್ತಿಲ್ಲವೇನೋ ಎಂಬ ಅನುಮಾನ ಬಂದವರ ಹಾಗೆ ನಿಂತಿದ್ದರು. ಕಿಟಕಿಯೊಂದರಲ್ಲಿ ಪಕ್ಕದ ಮನೆಯಾಕೆ ಒಗೆದ ಬಟ್ಟೆ ಹಿಂಡುತ್ತಿದ್ದವಳು ಹಿಂಡುವುದನ್ನು ಬಿಟ್ಟು ನೋಡುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಮಾವ ಎದ್ದರು. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಹ್ಯಾಂಡಲನ್ನು ಅವಳ ಕಡೆ ತಿರುಗಿಸಿ ಹಿಡಿದರು. ಮೂವತ್ತೆಂಟು ವರ್ಷದ ಶೆಡ್ಡಿನ ಗತ್ತು ಆ ಕೈಗೆ ಮರಳಿತ್ತು.

"ಹತ್ತು. ಸೇತುವೆ ತನಕ ಹೋಗಿ ಬಾ. ಕಟ್ಟಿದವರೇ ಮೊದಲು ಓಡಿಸ್ಬೇಕು. ನನ್ನ ಶೆಡ್ಡಲ್ಲಿ ಅದೇ ಕಾನೂನು. ನಾನು ಯಾರಿಗೂ ಬಿಟ್ಟುಕೊಟ್ಟವನಲ್ಲ, ನಿನಗೆ ಕೊಡ್ತಿದೀನಿ."

"ಹೋಗೇ," ಅಂದ ಗಂಡ. "ದಿನಾ ಸ್ಕೂಟರಲ್ಲಿ ಹಲ್ಲು ಹಂಚ್ತೀಯ, ಇದೇನು ಮಹಾ."

ಅವಳಿಗೆ ಆಸೆಯಿರಲಿಲ್ಲ ಅಂತಲ್ಲ. ಕೈ ಆಗಲೇ ಹ್ಯಾಂಡಲಿನ ಮೇಲಿತ್ತು. ಎಂಜಿನ್ನಿನ ನಡುಕ ಮೊಣಕೈವರೆಗೆ ಹತ್ತಿ ಬರುತ್ತಿತ್ತು. ಸೇತುವೆಗೆ ಹೋಗಿ ಬರಲು ಐದು ನಿಮಿಷ. ಬೀದಿಯ ತಿರುವಿನವರೆಗೂ ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ತಿರುವಿನಾಚೆಗೂ ಸ್ವಲ್ಪ ಹೊತ್ತು ಕೇಳಿಸಿಕೊಳ್ಳುತ್ತಾರೆ. ಮಾವ ಮಾತ್ರ ಇಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು ಏನೂ ಕೇಳಿಸದೆ ಗಾಳಿಗೆ ನಿಂತಿರುತ್ತಾರೆ.

ಅವಳು ಸ್ಟ್ಯಾಂಡನ್ನು ಕಾಲಿನಿಂದ ಒತ್ತಿ, ಗಾಡಿಯನ್ನು ಮತ್ತೆ ಅದರ ಮೇಲೆ ಎಳೆದು ನಿಲ್ಲಿಸಿದಳು.

"ಯಾಕೆ?" ಅಂದರು ಮಾವ. "ಹೋಗು."

ಅವಳು ಅವರ ಬಲಗಿವಿಗೆ ಬಾಯಿಟ್ಟಳು.

"ಹೋಗಲ್ಲ."